ನಾರಾ ನಗರದ ಭಾರತೀಯ ಆಚಾರ್ಯ ಬೋಧಿಸೇನ

ಸಿಂಧನೂರು, ಲಿಂಗಸೂಗೂರು, ಮಸ್ಕಿಗಳ ವಾಚಕರಿಗೆ ಜಪಾನವು ಬಹು ದೂರದ ದೇಶವೆಂದು ತೋರುವುದು ಸಹಜವೇ. ಮನೆಯ ತರುಣನೊಬ್ಬನು ವಿಶ್ವವಿದ್ಯಾನಿಲಯವನ್ನು ಸೇರಿ ಜಪಾನೀ ಭಾಷೆಯನ್ನೂ ಸಂಸ್ಕೃತಿಯನ್ನೂ ಉನ್ನತ ತರಗತಿಯವರೆಗೆ ವ್ಯಾಸಂಗ ಮಾಡುವೆನೆಂದು ಹೊರಟರೆ, ನಮಗೂ ಆ ನಾಡಿಗೂ ಏನು ಸಂಬಂಧವೆಂದು ಹಿರಿಯರು ಕೇಳದೆ ಇರಲಾರರು. ಆ ಪ್ರಶ್ನೆಗೆ ಉತ್ತರರೂಪವಾಗಿ, 1,200 ವರ್ಷಗಳಿಗೂ ಹಿಂದೆ ಜಪಾನದ ನೆಲದಲ್ಲಿ ದೇಹವಿಟ್ಟ ಭಾರತೀಯ ಆಚಾರ್ಯನೊಬ್ಬನ ಚರಿತ್ರೆಯನ್ನು ನಾವಿಂದು ವಾಚಕರ ಮುಂದಿಡುತ್ತೇವೆ.

ಬೋಧಿಸೇನನು ಜನಿಸಿದುದು 704ರಲ್ಲಿ. ಆತನ ಶಿಷ್ಯನಾದ ಶೂಏಯಿ ಎಂಬ ಭಿಕ್ಷುವು ಗುರುವಿನ ಮರಣಾನಂತರ 770ರಲ್ಲಿ ಬರೆದಿಟ್ಟ ಚರಿತ್ರೆಯು ಆತನನ್ನು ದಕ್ಷಿಣ ಭಾರತದ ಬ್ರಾಹ್ಮಣನೆಂದು ಹೇಳುವುದು. ಆ ಕಾಲದಲ್ಲಿ ಬಾದಾಮಿಯ ಚಾಲುಕ್ಯರು ಕರ್ಣಾಟಕವನ್ನು ಆಳುತ್ತಿದ್ದರು. ವಿಜಯಾದಿತ್ಯನು ಸಿಂಹಾಸನದ ಮೇಲಿದ್ದನು. ಇಷ್ಟು ಮಾತ್ರದಿಂದ ಬೋಧಿಸೇನನು ಕನ್ನಡಿಗನೆಂದು ಸಾರಿಬಿಡುವ ಅವಸರವು ನಮಗಿಲ್ಲ. ದಕ್ಷಿಣ ಭಾರತವೆಂಬುದು ವಿಶಾಲವಾದ ಹೆಸರು; ಆಧಾರವಿಲ್ಲದ ಅಭಿಮಾನವು ಇತಿಹಾಸಕ್ಕೆ ಉಪಕಾರವನ್ನು ಮಾಡದು.

ಮಂಜುಶ್ರೀ ಬೋಧಿಸತ್ತ್ವನು ಚೀನದ ವೂತಾಯ್ ಪರ್ವತದಲ್ಲಿ ನೆಲೆಸಿರುವನೆಂಬ ನಂಬಿಕೆಯು ಆಗ ಬೌದ್ಧಲೋಕದಲ್ಲೆಲ್ಲ ಹಬ್ಬಿದ್ದಿತು. ಆ ದರ್ಶನಕಾಂಕ್ಷೆಯಿಂದಲೇ ಬೋಧಿಸೇನನು ಸ್ವದೇಶವನ್ನು ಬಿಟ್ಟು ಚೀನವನ್ನು ಸೇರಿದನು. ಅಲ್ಲಿಗೆ 733ರ ಜಪಾನೀ ರಾಯಭಾರವನ್ನು ಕರೆದುಕೊಂಡು ಬಂದಿದ್ದ ತಾಜಿಹಿ ನೋ ಹಿರೋನಾರಿಯು ಈತನ ಪಾಂಡಿತ್ಯವನ್ನು ಕಂಡು ತನ್ನ ದೇಶಕ್ಕೆ ಬರಬೇಕೆಂದು ಪ್ರಾರ್ಥಿಸಿದನು. ಈಗಿನ ವಿಯೆಟ್ನಾಮಿಗೆ ಸೇರಿದ ಚಂಪಾ ದೇಶದ ಬುತ್ತೆತ್ಸು, ಚೀನದ ದೋಸೆನ್ ಎಂಬ ಇಬ್ಬರು ಭಿಕ್ಷುಗಳೊಡನೆ ಬೋಧಿಸೇನನು 736ರಲ್ಲಿ ಜಪಾನದ ತೀರವನ್ನು ಮುಟ್ಟಿದನು.

ಆತನು ಕಾಲಿಟ್ಟ ಗಳಿಗೆಯು ಸುಖದ ಗಳಿಗೆಯಾಗಿರಲಿಲ್ಲ. 735ರಲ್ಲಿ ಆತನು ಇಳಿದ ದಜೈಫು ಪ್ರಾಂತದಲ್ಲಿಯೇ ತಲೆದೋರಿದ ಸಿಡುಬಿನ ಮಾರಿಯು 737ರವರೆಗೆ ದೇಶವನ್ನೆಲ್ಲ ಸುತ್ತಿತು. ಜನರಲ್ಲಿ ಕಾಲುಪಾಲಿಗೂ ಮೇಲ್ಪಟ್ಟು ಮಡಿದರೆಂದು ಇತಿಹಾಸಜ್ಞರು ಅಂದಾಜುಮಾಡುವರು. ಇಂತಹ ಸಂಕಟದ ನಡುವೆ ಬಂದ ಪರದೇಶದ ಯತಿಯನ್ನು ನಾನಿವಾ ಬಂದರಿನಲ್ಲಿ ಎದುರುಗೊಂಡವನು ಗ್ಯೋಕಿ ಎಂಬ ಪೂಜ್ಯ ಭಿಕ್ಷುವು. ಈ ಗ್ಯೋಕಿಯು ಬರಿಯ ಮಠವಾಸಿಯಲ್ಲ. ಕೆರೆಗಳನ್ನು ಕಟ್ಟಿಸಿ, ಸೇತುವೆಗಳನ್ನು ಹಾಕಿಸಿ, ಬಡರೈತರ ಹೊಲಗಳಿಗೆ ನೀರನ್ನು ತಂದವನು. ತುಂಗಭದ್ರೆಯ ಕಾಲುವೆಯು ಬಂದು ಬರಡಾಗಿದ್ದ ನೆಲವು ಭತ್ತದ ಗದ್ದೆಯಾದುದನ್ನು ಕಂಡಿರುವ ಸಿಂಧನೂರಿನವರಿಗೆ ಅಂತಹವನ ಪುಣ್ಯವನ್ನು ವಿವರಿಸಬೇಕಾದುದಿಲ್ಲ.

ಬೋಧಿಸೇನನು ರಾಜಧಾನಿಯಾದ ನಾರಾದ ದಾಯ್‌ಆನ್‌ಜಿ ವಿಹಾರದಲ್ಲಿ ನೆಲಸಿ ಅವತಂಸಕ ಸೂತ್ರದ ಪಾರಾಯಣವನ್ನೂ ಸಂಸ್ಕೃತದ ಬೋಧನೆಯನ್ನೂ ನಡೆಸಿದನು. ಆತನೂ ಬುತ್ತೆತ್ಸುವೂ ತಂದರೆಂದು ಹೇಳುವ ಸಂಗೀತನೃತ್ಯಗಳು ಜಪಾನದ ಆಸ್ಥಾನಸಂಗೀತದಲ್ಲಿ ಬೆರೆತುಹೋದುವು. 751ರಲ್ಲಿ ಆತನು ಸೋಜೋ ಎಂಬ ಸಂಘನಾಯಕಪದವಿಗೆ ಏರಿದನು. ಅಂದಿನಿಂದ ಬ್ರಾಹ್ಮಣ ಸೋಜೋ ಎಂಬುದೇ ಆತನ ಹೆಸರಾಗಿ ಉಳಿಯಿತು.

ರೋಗ, ಕ್ಷಾಮ, ಬಂಡಾಯಗಳಿಂದ ನೊಂದ ಶೋಮು ಚಕ್ರವರ್ತಿಯು ದೇಶದ ಶಾಂತಿಗಾಗಿ ಮಹಾಬುದ್ಧನ ಕಂಚಿನ ವಿಗ್ರಹವನ್ನು ನಿಲ್ಲಿಸುವೆನೆಂದು 743ರಲ್ಲಿ ಸಂಕಲ್ಪಮಾಡಿದ್ದನು. ಸುಮಾರು 15 ಮೀಟರು ಎತ್ತರದ ಆ ಮೂರ್ತಿಗೆ ಮೊಲಾಮು ಮಾಡಲು ಚಿನ್ನವು ಸಾಲದೆ ಇದ್ದಾಗ 749ರಲ್ಲಿ ಉತ್ತರದ ಮುತ್ಸು ಪ್ರಾಂತದಲ್ಲಿ ಚಿನ್ನವು ದೊರೆಯಿತು. 752ರಲ್ಲಿ ತೋದಾಯ್‌ಜಿ ದೇವಾಲಯದಲ್ಲಿ ನೇತ್ರೋನ್ಮೀಲನದ ಮಹೋತ್ಸವವು ನಡೆಯಿತು. ಅಷ್ಟು ಹೊತ್ತಿಗೆ ಪಟ್ಟವನ್ನು ಮಗಳಿಗೆ ಬಿಟ್ಟುಕೊಟ್ಟಿದ್ದ ಶೋಮುವು ಅಸ್ವಸ್ಥನಾಗಿದ್ದುದರಿಂದ, ಕುಂಚವನ್ನು ಹಿಡಿದು ಬುದ್ಧನ ಕಣ್ಣುಗಳನ್ನು ಬರೆಯುವ ಭಾಗ್ಯವು ಬೋಧಿಸೇನನಿಗೆ ಲಭಿಸಿತು. ಕುಂಚಕ್ಕೆ ಕಟ್ಟಿದ ಉದ್ದವಾದ ದಾರಗಳನ್ನು ನೆರೆದವರು ಹಿಡಿದುಕೊಂಡು ಆ ಪುಣ್ಯದಲ್ಲಿ ಪಾಲ್ಗೊಂಡರು. ಆ ಕುಂಚವು ನಾರಾದ ಶೋಸೋಯಿನ್ ಭಂಡಾರದಲ್ಲಿ ಇಂದಿಗೂ ಸುರಕ್ಷಿತವಾಗಿರುವುದು. ಬೋಧಿಸೇನನು ಸ್ವದೇಶಕ್ಕೆ ಮರಳಲಿಲ್ಲ. 760ರಲ್ಲಿ ಅಲ್ಲಿಯೇ ಕಾಲವಾದನು.

ಜಪಾನೀ ಅಕ್ಷರಮಾಲೆಯನ್ನು ರಚಿಸಿದವನು ಬೋಧಿಸೇನನೇ ಎಂದು ಕೆಲವರು ಹೇಳುವುದುಂಟು. ಇದು ನಿಲ್ಲುವ ಮಾತಲ್ಲ. ಕಾನಾ ಎಂಬ ಆ ಲಿಪಿಯು ಚೀನೀ ಅಕ್ಷರಗಳಿಂದ ರೂಪುಗೊಂಡುದು ಒಂಬತ್ತನೆಯ ಶತಮಾನದಲ್ಲಿ. ಆದರೆ ಆ ಅಕ್ಷರಗಳನ್ನು ಜೋಡಿಸಿದ ಕ್ರಮವು ಮಾತ್ರ ನಿಸ್ಸಂದೇಹವಾಗಿ ಭಾರತದ್ದು. ಅ, ಇ, ಉ, ಎ, ಒ ಎಂದು ಸ್ವರಗಳು. ಅನಂತರ ಕ, ಸ, ತ, ನ, ಹ, ಮ, ಯ, ರ, ವ ಎಂದು ವ್ಯಂಜನಗಳು. ಹಕಾರದ ಸಾಲು ಪೂರ್ವದಲ್ಲಿ ಪಕಾರವಾಗಿದ್ದಿತೆಂಬುದನ್ನೂ ಸಕಾರವು ನಮ್ಮ ಚವರ್ಗದ ಸ್ಥಾನದಲ್ಲಿರುವುದನ್ನೂ ನೆನೆದರೆ, ನಮ್ಮ ಕ, ಚ, ತ, ನ, ಪ, ಮ ಎಂಬ ಪಾಠವೇ ಎದುರಿಗೆ ನಿಲ್ಲುವುದು. ಬ್ರಾಹ್ಮಿಯಿಂದ ಇಳಿದುಬಂದ ಸಿದ್ಧಂ ಎಂಬ ಲಿಪಿಯಲ್ಲಿ ಸಂಸ್ಕೃತವನ್ನು ಕಲಿತ ಜಪಾನೀ ಭಿಕ್ಷುಗಳು ಹನ್ನೊಂದನೆಯ ಶತಮಾನದ ಹೊತ್ತಿಗೆ ಈ ಕ್ರಮವನ್ನು ತಮ್ಮ ಭಾಷೆಗೆ ಅಳವಡಿಸಿಕೊಂಡರು. ಒಬ್ಬನ ಸೃಷ್ಟಿಯಲ್ಲದಿದ್ದರೂ ಬೋಧಿಸೇನನಂತಹವರು ಬಿತ್ತಿದ ವಿದ್ಯೆಯ ಫಲವೇ ಅದು.

ಆ ಬ್ರಾಹ್ಮಿಯನ್ನು ಕಾಣಲು ನಮ್ಮವರು ದೂರ ಹೋಗಬೇಕಾದುದಿಲ್ಲ. ಚಿನ್ನದ ಗಣಿಯ ಇಂಜನಿಯರಾದ ಬೀಡನ್ ಸಾಹೇಬರಿಗೆ 1915ರಲ್ಲಿ ಗೋಚರವಾದ ಮಸ್ಕಿಯ ಬಂಡೆಯ ಮೇಲೆ ದೇವಾನಾಂಪ್ರಿಯನ ಸ್ವಂತ ಹೆಸರಾದ ಅಶೋಕ ಎಂಬುದು ಅದೇ ಲಿಪಿಯಲ್ಲಿ ಕೆತ್ತಲ್ಪಟ್ಟಿದೆ. ಮಸ್ಕಿಯ ಬಾಲಕನಿಗೆ ಜಪಾನೀ ವರ್ಣಮಾಲೆಯ ಕ್ರಮವು ಪರಕೀಯವಲ್ಲ. ವಾಕ್ಯರಚನೆಯೂ ಹಾಗೆಯೇ: ಕನ್ನಡದಂತೆ ಜಪಾನಿಯಲ್ಲಿಯೂ ಕ್ರಿಯಾಪದವು ಕೊನೆಗೆ ಬರುವುದು, ಪ್ರತ್ಯಯಗಳು ನಾಮಪದದ ಹಿಂದೆ ಸೇರುವುವು. ಇದರಿಂದ ಎರಡು ಭಾಷೆಗಳೂ ಒಂದೇ ಕುಲದವೆಂದು ಸಿದ್ಧವಾಗದು. ಕಲಿಯುವವನಿಗೆ ಸೌಕರ್ಯವು ಮಾತ್ರ ನಿಜ.

ಈ ಸೌಕರ್ಯವನ್ನು ನಂಬಿ ಆಲಸ್ಯಪಡುವಂತಿಲ್ಲ. ಸಾಮಾನ್ಯ ವ್ಯವಹಾರಕ್ಕೆಂದು ಜಪಾನ ಸರ್ಕಾರವು 2010ರಲ್ಲಿ ಗೊತ್ತುಮಾಡಿದ ಚೀನೀ ಅಕ್ಷರಗಳೇ 2,136. ಉನ್ನತ ವ್ಯಾಸಂಗಕ್ಕೆ ಇವಲ್ಲದೆ ಹಳೆಯ ಜಪಾನಿಯೂ ಜಪಾನೀ ರೀತಿಯಲ್ಲಿ ಓದುವ ಚೀನೀ ಗದ್ಯವೂ ಬೇಕು. ಕಂಪೆನಿಯ ದುಭಾಷಿಯ ಉದ್ಯೋಗಕ್ಕೆ ಬೇಕಾದಷ್ಟನ್ನು ಕಲಿತು ನಿಲ್ಲುವವರು ಹಲವರು. ಗ್ರಂಥವನ್ನು ಮೂಲದಲ್ಲಿ ಓದಿ ಕನ್ನಡಕ್ಕೆ ತರಬಲ್ಲವರು ವಿರಳ.

ನಮ್ಮನ್ನು ನಾಚಿಸುವ ಸಂಗತಿಯು ಇಲ್ಲಿಯೇ ಇದೆ. ಜಪಾನೀಯರು ನಮ್ಮನ್ನು ಓದುವುದನ್ನು ಬಿಡಲಿಲ್ಲ. ತೋಕಿಯೋ ವಿಶ್ವವಿದ್ಯಾನಿಲಯದಲ್ಲಿ 1885ರಲ್ಲಿಯೇ ನಾಂಜೋ ಪಂಡಿತರು ಸಂಸ್ಕೃತವನ್ನು ಬೋಧಿಸತೊಡಗಿದರು. ತಾಕಾಕುಸು ಪಂಡಿತರ ನಾಯಕತ್ವದಲ್ಲಿ 1924ರಿಂದ 1934ರವರೆಗೆ ಚೀನೀ ಬೌದ್ಧಗ್ರಂಥಗಳ 100 ಸಂಪುಟಗಳು ಅಚ್ಚಾದುವು. ನಮ್ಮಲ್ಲಿಯೂ ಅವಕಾಶವು ಇಲ್ಲದಿಲ್ಲ. ಶಾಂತಿನಿಕೇತನದಲ್ಲಿ 1994ರಲ್ಲಿ ನಿಪ್ಪಾನ್ ಭವನವು ತೆರೆಯಿತು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಜಪಾನಿಯನ್ನು ಪದವಿಯಿಂದ ಡಾಕ್ಟರೇಟಿನವರೆಗೆ ಕಲಿಸುವರು. ಅಲ್ಲಿಗೆ ಹೋಗುವ ನಮ್ಮ ಜಿಲ್ಲೆಯ ತರುಣರು ಎಷ್ಟು ಮಂದಿ?

ಬೋಧಿಸೇನನು ನಮ್ಮ ತಾಲ್ಲೂಕಿನವನೇ ಎಂಬ ಚರ್ಚೆಯಲ್ಲಿ ಕಾಲವನ್ನು ಕಳೆಯುವುದು ವ್ಯರ್ಥ. ಗುರುವಾಗಿ ಹೋದವನು ಮೊದಲು ಜ್ಞಾನಾರ್ಥಿಯಾಗಿ ಹೊರಟವನೆಂಬುದೇ ಆತನ ಜೀವನದ ಸಾರವು. ಲಿಂಗಸೂಗೂರಿನದೋ ಸಿಂಧನೂರಿನದೋ ಒಂದು ಮನೆಯಿಂದ ತರುಣನೊಬ್ಬನು ಆ ಹಾದಿಯನ್ನು ಹಿಡಿಯಲು ಬಯಸಿದರೆ ಹಿರಿಯರು ಅವನಿಗೆ ಅಡ್ಡಿಮಾಡದಿರಲಿ. ಅನುಕೂಲವುಳ್ಳವರು ಅವನ ಪುಸ್ತಕಗಳ ವೆಚ್ಚಕ್ಕೆ ನೆರವಾಗಲಿ. ಅವನು ಮರಳಿ ಬಂದು ಕನ್ನಡದಲ್ಲಿ ಬರೆಯುವ ಒಂದು ಗ್ರಂಥವು ನಮ್ಮ ನೂರು ಅಭಿಮಾನದ ಭಾಷಣಗಳಿಗಿಂತ ಮೇಲೆಂದು ನಾವು ಭಾವಿಸುತ್ತೇವೆ.