ದಾನಿಯೇಲ್ ಕರ್ರಿಯೋನ್ ಎಂಬ ವಿದ್ಯಾರ್ಥಿಯ ಚರಿತ್ರೆ

ದಕ್ಷಿಣ ಅಮೇರಿಕದ ಪೆರು ದೇಶದಲ್ಲಿ 1857ನೇ ಇಸವಿಯಲ್ಲಿ ಹುಟ್ಟಿದ ದಾನಿಯೇಲ್ ಕರ್ರಿಯೋನನು ಲಿಮಾ ಪಟ್ಟಣದಲ್ಲಿ ವೈದ್ಯಶಾಸ್ತ್ರವನ್ನು ಕಲಿಯುತ್ತಿದ್ದನು. ಅಲ್ಲಿಯ ಬೆಟ್ಟದ ಕಣಿವೆಗಳಲ್ಲಿ ಎರಡು ವ್ಯಾಧಿಗಳಿದ್ದವು. ಒಂದು ಮೈಮೇಲೆ ಕೆಂಪು ಗಂಟುಗಳನ್ನು ಎಬ್ಬಿಸುವದು. ಇನ್ನೊಂದು, ರೈಲುದಾರಿ ಕಟ್ಟುತ್ತಿದ್ದ ಅನೇಕ ಕೂಲಿಯವರನ್ನು ಕೊಂದ ಒರೋಯ ಜ್ವರ. ಇವೆರಡೂ ಒಂದೇ ರೋಗವೋ ಎಂಬದು ನಿಶ್ಚಯವಾಗಿರಲಿಲ್ಲ. 1885ನೇ ಆಗಸ್ಟ್ 27ರಲ್ಲಿ, ಬೇಡವೆಂದವರ ಮಾತನ್ನು ಕೇಳದೆ, ಒಬ್ಬ ರೋಗಿಯ ಗಂಟಿನ ರಕ್ತವನ್ನು ತನ್ನ ತೋಳುಗಳಲ್ಲಿ ಚುಚ್ಚಿಸಿಕೊಂಡನು. ಮೂರು ವಾರಗಳಲ್ಲಿ ಜ್ವರ ಬಂತು. ಶಕ್ತಿಯಿರುವ ತನಕ ಲಕ್ಷಣಗಳನ್ನು ತಾನೇ ಬರೆದಿಟ್ಟು, ಆಮೇಲೆ ಆ ಕೆಲಸವನ್ನು ಜೊತೆ ವಿದ್ಯಾರ್ಥಿಗಳಿಗೆ ಒಪ್ಪಿಸಿದನು. ಬಂದದ್ದು ಒರೋಯ ಜ್ವರವೇ. ವ್ಯಾಧಿಯು ಒಂದೇ ಎಂದು ಸಿದ್ಧವಾಯಿತು. ದೇವರು ಕೊಟ್ಟ ಪ್ರಾಣವನ್ನು ಹೀಗೆ ಅಪಾಯಕ್ಕೆ ಒಡ್ಡಬಹುದೋ ಎಂದು ಕೇಳುವವರನ್ನು ನಾವು ದೂರುವದಿಲ್ಲ. ಆದರೂ ಬಡವರ ಮೈಯನ್ನಲ್ಲ, ತನ್ನ ಮೈಯನ್ನೇ ಅವನು ಕೊಟ್ಟನೆಂಬದನ್ನು ಮರೆಯಲಾರೆವು. ಅಕ್ಟೋಬರ್ 5ರಲ್ಲಿ ಅವನು ತೀರಿಹೋದನು.