ಕುಲಪುರೋಹಿತ ಆಲೂರ ವೆಂಕಟರಾಯರು

ಕರ್ನೂಲು ಜಿಲ್ಲೆಯಲ್ಲಿ, ಆದವಾನಿಯಿಂದ ಮೂಡಲಿಗೆ, ಸಿ. ಬೆಳಗಲ್ ಎಂಬ ಊರಿದೆ. ನಮ್ಮ ಓದುಗರಲ್ಲಿ ಅದನ್ನು ಕಂಡವರು ವಿರಳ. ಆದರೆ ಹೆಸರು ಕೇಳಿದೊಡನೆ ನಮ್ಮದೇ ಊರೆನಿಸುತ್ತದೆ. ಆ ಸೀಮೆಯ ಅಂಚಿನಲ್ಲಿ ಹರಿಯುವ ತುಂಗಭದ್ರೆ ಹಂಪೆ, ಆನೆಗೊಂದಿ, ಮಂತ್ರಾಲಯಗಳನ್ನು ದಾಟಿ ಬಂದವಳು. ಇದೇ ಹೊಳೆಯ ಮೇಲ್ದಂಡೆಯಲ್ಲಿ, ಹಾಳುಬಿದ್ದ ವಿಜಯನಗರದ ನಡುವೆ, 1905ರಲ್ಲಿ ಕಾನೂನು ಓದಿದ ತರುಣರೊಬ್ಬರು ನಿಂತು ನೋಡಿದರು. ಅವರೇ ಆಲೂರ ವೆಂಕಟರಾಯರು. ಹೆಸರಿನ ಆಲೂರು ಕರ್ನೂಲು ಕಡೆಯದಲ್ಲ. ಅವರು ಹುಟ್ಟಿದ್ದು ವಿಜಾಪುರದಲ್ಲಿ, 1880ರ ಜುಲೈ 12ರಂದು.

ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಕಲಿಯುವಾಗಲೇ ಅವರು ತಿಲಕರ ಪ್ರಭಾವಕ್ಕೆ ಒಳಗಾದರು. ಮರಾಠಿಗರು ತಮ್ಮ ಇತಿಹಾಸವನ್ನು ಮುಂದಿಟ್ಟುಕೊಂಡು ಜನರನ್ನು ಒಗ್ಗೂಡಿಸುತ್ತಿದ್ದುದನ್ನು ಕಣ್ಣಾರೆ ಕಂಡರು. ಕನ್ನಡಿಗರೋ ಮುಂಬಯಿ, ಮದರಾಸು, ನಿಜಾಮ, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದರು. ಧಾರವಾಡದ ಓದಿದವರು ಮರಾಠಿಯಲ್ಲಿ ವ್ಯವಹರಿಸುವುದನ್ನು ದೊಡ್ಡಸ್ತಿಕೆ ಎಂದುಕೊಂಡಿದ್ದ ಕಾಲವದು. ತಾವು ಯಾರ ಮಕ್ಕಳೆಂದು ತಿಳಿಯದವರು ಯಾವ ಸಾರ್ವಜನಿಕ ಕೆಲಸಕ್ಕೂ ಮುಂದೆ ಬರಲಾರರು ಎಂಬುದು ರಾಯರ ನಿಲುವಾಯಿತು. ವಕೀಲಿ ಹಿಂದೆ ಬಿತ್ತು. ಅದರೊಡನೆ ಮನೆಯ ಅನುಕೂಲವೂ.

ಧಾರವಾಡದ ವಿದ್ಯಾವರ್ಧಕ ಸಂಘದ 'ವಾಗ್ಭೂಷಣ' ಪತ್ರಿಕೆಯನ್ನು ಅವರು ನಡೆಸಿದರು. 1907ರಲ್ಲಿ ವಿದ್ಯಾರಣ್ಯರ ಚರಿತ್ರೆ ಬರೆದರು. ಚದುರಿದ್ದ ಕನ್ನಡ ಗ್ರಂಥಕರ್ತರನ್ನು ಒಂದೆಡೆ ಕೂಡಿಸಿದರು. 1915ರಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತಿಗೆ ಇದು ಪೀಠಿಕೆ. 1917ರಲ್ಲಿ 'ಕರ್ನಾಟಕ ಗತವೈಭವ' ಹೊರಬಂತು. ಕದಂಬ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರ ಎಂದು ಬಿಡಿಬಿಡಿಯಾಗಿ ಕೇಳಿದ್ದ ಹೆಸರುಗಳು ಒಂದೇ ಮನೆತನದ ವಂಶಾವಳಿಯಂತೆ ಓದುಗರ ಮುಂದೆ ನಿಂತವು. ಅದನ್ನು ಓದಿ ಏಕೀಕರಣದ ಕೆಲಸಕ್ಕೆ ಇಳಿದ ತರುಣರು ಅನೇಕರು. 1922ರಲ್ಲಿ 'ಜಯಕರ್ನಾಟಕ' ಮಾಸಪತ್ರಿಕೆ ಆರಂಭವಾಯಿತು. 1930ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ರಾಯರ ಇತಿಹಾಸದಲ್ಲಿ ಅಭಿಮಾನವು ಪ್ರಮಾಣಕ್ಕಿಂತ ಮುಂದೆ ಓಡಿದ ಕಡೆಗಳುಂಟು. ಅರಸರ ವೈಭವ ಬಂದಷ್ಟು ಉಳುವವನ ಬಾಳು ಅದರಲ್ಲಿ ಬರಲಿಲ್ಲ. ಇದನ್ನು ಮರೆಮಾಚಿ ಅವರನ್ನು ಹೊಗಳಬೇಕಾದ ಅಗತ್ಯ ನಮಗಿಲ್ಲ. ಅಧಿಕಾರದ ಕುರ್ಚಿಗೆ ಅವರು ಹೋಗಲಿಲ್ಲ. ಹೋಗುವವರನ್ನು ತಯಾರು ಮಾಡಿದರು.

ಅಮೆರಿಕದಲ್ಲೂ ಇಂಥ ಮಾತೊಂದಿದೆ. 1848ರ ಒಪ್ಪಂದದಿಂದ ಮೆಕ್ಸಿಕೋದ ವಿಶಾಲ ಪ್ರದೇಶ ಆ ದೇಶಕ್ಕೆ ಸೇರಿದಾಗ, ಅಲ್ಲಿದ್ದ ಸ್ಪ್ಯಾನಿಷ್ ಮಾತಿನ ಜನ ಕೂತಲ್ಲೇ ಪರರ ನಾಡಿನವರಾದರು. ಇಪ್ಪತ್ತನೆಯ ಶತಮಾನದ ಅರುವತ್ತರ ದಶಕದಲ್ಲಿ ಚಿಕಾನೊ ಎಂದು ತಮ್ಮನ್ನು ಕರೆದುಕೊಂಡ ತರುಣರು ಹಿರಿಯರ ನುಡಿ, ಹಾಡು, ನಾಟಕಗಳಿಂದಲೇ ತಮ್ಮ ಸಂಘಟನೆ ಕಟ್ಟಿದರು. ಗಡಿ ತಮ್ಮನ್ನು ದಾಟಿ ಹೋದ ಅನುಭವ ನಮಗೂ ಹೊಸದಲ್ಲ.

1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. 1956ರ ನವೆಂಬರ್ 1ರಂದು ಮೈಸೂರು ರಾಜ್ಯ ವಿಸ್ತಾರಗೊಂಡಿತು. ಎಪ್ಪತ್ತಾರರ ರಾಯರು ಹಂಪೆಗೆ ಹೋಗಿ ವಿರೂಪಾಕ್ಷನ ಸನ್ನಿಧಿಯಲ್ಲಿ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು. ಅದೇ ದಿನ ಕಾಸರಗೋಡು ಕೇರಳವಾಯಿತು. ಅವರ ಐವತ್ತು ವರ್ಷದ ಕನಸು ಕೈಗೂಡಿದ ಹೊತ್ತು ನಮ್ಮ ಹಿರಿಯರಿಗೆ ಕಣ್ಣೀರಿನ ಹೊತ್ತಾಗಿತ್ತು.

ಅವರು ಹಂಪೆಯಲ್ಲಿ ಕಂಡಂಥ ಕಲ್ಲು ನಮ್ಮಲ್ಲೂ ಇದೆ. ಬೇಕಲದ ಕೋಟೆ ಕಟ್ಟಿದವರು ಕೆಳದಿಯ ನಾಯಕರು, ಪಾರ್ತಿಸುಬ್ಬ ಕುಂಬಳೆಯವನು, ಗೋವಿಂದ ಪೈಗಳು ಬಾಳಿದ ಮನೆ ಮಂಜೇಶ್ವರದಲ್ಲಿ. ಮಕ್ಕಳನ್ನು ಬೇಕಲಕ್ಕೆ ಕರೆದುಕೊಂಡು ಹೋಗುವ ಮನೆಗಳು ಬಹಳ. ಕಟ್ಟಿದವರು ಯಾರೆಂದು ಅಲ್ಲಿ ನಿಂತು ಹೇಳುವ ಅಪ್ಪಂದಿರು ಎಷ್ಟು ಮಂದಿಯೋ.

ರಾಯರು 1964ರ ಫೆಬ್ರವರಿ 25ರಂದು ತೀರಿಕೊಂಡರು. ಚಂದ್ರಗಿರಿಯ ಬಡಗಣ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದಾಗ, ಅದನ್ನು ಕೇಳಲು ಅವರಿರಲಿಲ್ಲ.