ಕೊಠಡಿ ಅರಸಿದ ಭೀಮರಾವ್

1913ರ ಜುಲೈನಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದೊಂದಿಗೆ ನ್ಯೂಯಾರ್ಕ್ ತಲುಪಿದ ಭೀಮರಾವ್ ಅಂಬೇಡ್ಕರರು ಮೊದಲು ಇಳಿದುಕೊಂಡದ್ದು ಕೊಲಂಬಿಯಾ ವಿಶ್ವವಿದ್ಯಾಲಯದ ಹಾರ್ಟ್‌ಲಿ ಹಾಲ್‌ನಲ್ಲಿ. ಅಲ್ಲಿಯ ಊಟ ಒಗ್ಗದೆ ಕೆಲವೇ ದಿನಗಳಲ್ಲಿ ಕಾಸ್ಮೊಪಾಲಿಟನ್ ಕ್ಲಬ್‌ಗೆ ಬಿಡಾರ ಬದಲಿಸಿದರು. ಬಳಿಕ ಲಿವಿಂಗ್‌ಸ್ಟನ್ ಹಾಲ್‌ನಲ್ಲಿ ಪಾರ್ಸಿ ಯುವಕ ನವಲ್ ಭಥೇನಾರೊಡನೆ ವಾಸ. ಆ ಸ್ನೇಹ ಕೊನೆಯವರೆಗೂ ಉಳಿಯಿತು. ಕೊಠಡಿ ಕೊಡುವಾಗ ಜಾತಿ ವಿಚಾರಿಸದ ಊರನ್ನು ಅವರು ಕಂಡದ್ದು ಅಲ್ಲಿಯೇ.

ಸ್ವದೇಶದ ಅನುಭವ ಬೇರೆ. 1917ರಲ್ಲಿ ಬರೋಡಾ ಸಂಸ್ಥಾನದ ಸೇವೆಗೆ ಬಂದಾಗ ಈ ಉನ್ನತ ವಿದ್ಯಾವಂತರಿಗೆ ತಂಗಲು ನೆಲೆಯೇ ದೊರೆಯಲಿಲ್ಲ. ಹೆಸರು ಮರೆಸಿಕೊಂಡು ಪಾರ್ಸಿ ವಸತಿಗೃಹವೊಂದರಲ್ಲಿ ಇಳಿದರು. ಗುಟ್ಟು ಬಯಲಾದಾಗ ದೊಣ್ಣೆ ಹಿಡಿದ ಗುಂಪು ಬಂದು ಅಲ್ಲಿಂದ ಹೊರಡಿಸಿತು. ಹಿಂದೂ ಮಿತ್ರನಾಗಲಿ, ಕ್ರೈಸ್ತ ಮಿತ್ರನಾಗಲಿ ಆಶ್ರಯ ನೀಡಲಿಲ್ಲ. ಮರದಡಿಯಲ್ಲಿ ಕುಳಿತು ಕಣ್ಣೀರಿಟ್ಟು ಅವರು ಮುಂಬಯಿಗೆ ಮರಳಿದರು.

1920ರಲ್ಲಿ ಮತ್ತೆ ಲಂಡನ್ನಿಗೆ ಹೊರಟಾಗ ಕೈಯಲ್ಲಿದ್ದುದು ಸ್ವಂತ ಉಳಿತಾಯ, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಹಾಗೂ ಭಥೇನಾರಿಂದ ಪಡೆದ ಸಾಲ. 1921-22ರಲ್ಲಿ ಕಿಂಗ್ ಹೆನ್ರೀಸ್ ರಸ್ತೆಯ 10ನೇ ಸಂಖ್ಯೆಯ ಮನೆಯಲ್ಲಿ ವಾಸವಿದ್ದರು. ಅರೆಹೊಟ್ಟೆಯ ದಿನಗಳವು. ಹಗಲು ಗ್ರಂಥಾಲಯ, ರಾತ್ರಿ ಕೊಠಡಿಯಲ್ಲಿ ಓದು. 1923ರಲ್ಲಿ ಡಿ.ಎಸ್‌ಸಿ. ಪದವಿ ಲಭಿಸಿತು. ಆ ಮನೆಯನ್ನು ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಖರೀದಿಸಿ ಸ್ಮಾರಕವಾಗಿಸಿದೆ.

ತಾಯ್ನಾಡಿಗೆ ಮರಳಿದವರು ವಕೀಲಿಯ ಜೊತೆಗೆ ಕೈಗೆತ್ತಿಕೊಂಡ ಮೊದಲ ಕಾರ್ಯಗಳಲ್ಲಿ ವಿದ್ಯಾರ್ಥಿನಿಲಯವೂ ಒಂದು. ಅವರು ಕಟ್ಟಿದ ಬಹಿಷ್ಕೃತ ಹಿತಕಾರಿಣಿ ಸಭೆ 1925ರಲ್ಲಿ ಸೊಲ್ಲಾಪುರದಲ್ಲಿ ದಲಿತ ಮಕ್ಕಳಿಗೆ ವಸತಿ ತೆರೆಯಿತು. 1929ರಲ್ಲಿ ನಮ್ಮ ಧಾರವಾಡದಲ್ಲಿಯೂ ಅವರ ಪ್ರಯತ್ನದಿಂದ ಅಂಥದೇ ವಿದ್ಯಾರ್ಥಿನಿಲಯ ಆರಂಭವಾಯಿತು.